ಪಂಪ್ ನಿಂತ ಕೂಡಲೇ ಎನ್‌ಆರ್‌ವಿ ಬಡಿಯುತ್ತದೆ, ಯಾವುದು ಹಾಕೋಣ?

ಪ್ರಶ್ನೆ: ನಮ್ಮದು ಬೆಳಗಾವಿ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆ. ಸ್ಪ್ರೇ ಪಾಂಡ್‌ನಿಂದ (ಬಿಸಿ ನೀರನ್ನು ಚಿಮ್ಮಿಸಿ ತಣಿಸುವ ಕೊಳ) ಕಂಡೆನ್ಸರ್‌ಗಳಿಗೆ (ಆವಿಯನ್ನು ತಣಿಸಿ ನೀರಾಗಿಸುವ ಸಾಧನ) ನೀರು ಕಳಿಸಲು ನಾಲ್ಕು ಇಂಜೆಕ್ಷನ್ ಪಂಪ್ ಇವೆ. ಒಂದೊಂದೂ ಗಂಟೆಗೆ 1,800 ಘನ ಮೀಟರ್, ಹೆಡ್ (ನೀರನ್ನು ಎತ್ತಬಲ್ಲ ಎತ್ತರ) 22 ಮೀಟರ್. 600 ಮಿ.ಮೀ. ಡೆಲಿವರಿ ಲೈನ್‌ಗಳು ಒಂದೇ ಹೆಡರ್‌ಗೆ (ಎಲ್ಲಕ್ಕೂ ಸೇರಿದ ದೊಡ್ಡ ಪೈಪ್) ಸೇರುತ್ತವೆ. ಒಂದು ಪಂಪ್ ನಿಲ್ಲಿಸಿದರೆ ಅದರ ಎನ್‌ಆರ್‌ವಿ (ನಾನ್ ರಿಟರ್ನ್ ವಾಲ್ವ್, ನೀರು ಹಿಂದಕ್ಕೆ ಬರದಂತೆ ತಡೆಯುವುದು) ಗುಂಡು ಹೊಡೆದಂತೆ ಬಡಿಯುತ್ತದೆ. ಎರಡೇ ಹಂಗಾಮಿನಲ್ಲಿ ಹಿಂಜ್ ಪಿನ್ ಸವೆದಿದೆ. ಈಗಿರುವುದು ಸ್ವಿಂಗ್ ಟೈಪ್, ಅಂದರೆ ಹಿಂಜಿಗೆ ತೂಗುವ ಒಂದೇ ಡೋರ್ ಇರುವುದು. ಸಪ್ಲೈಯರ್, "ಅದೇ ಸೈಜಿನ ಡ್ಯುಯಲ್ ಪ್ಲೇಟ್ ಹಾಕಿ, ಪ್ರೆಷರ್ ರೇಟಿಂಗ್ ಜಾಸ್ತಿ ಇರೋದು ತಗೊಳ್ಳಿ" ಅಂತಾರೆ. ಸರಿಯೇ?

ಉತ್ತರ: ಅರ್ಧ ಸರಿ. ಡ್ಯುಯಲ್ ಪ್ಲೇಟ್ (ಒಂದು ಡೋರ್ ಬದಲು ಸ್ಪ್ರಿಂಗ್ ಇರುವ ಎರಡು ಪ್ಲೇಟಿನ ವಾಲ್ವ್) ಅನ್ನುವುದು ಒಳ್ಳೆಯ ಸಲಹೆ. ಆದರೆ ಸೈಜೂ ತಪ್ಪು, ರೇಟಿಂಗ್ ಮಾತೂ ತಪ್ಪು. ರೇಟಿಂಗ್ ಏರಿಸಿದರೆ ಬಾಡಿ ದಪ್ಪ ಆಗುತ್ತದೆ, ಬಡಿತ ಹಾಗೇ ಇರುತ್ತದೆ.

ನಿಮ್ಮ ಪ್ರಶ್ನೆಯಲ್ಲೇ ಸುಳಿವಿದೆ. ಒಂದು ಪಂಪ್ ನಿಂತಾಗ ಉಳಿದ ಮೂರು ಓಡುತ್ತಲೇ ಇರುತ್ತವೆ, ಅಲ್ವಾ? ಅವು ಹೆಡರ್‌ನಲ್ಲಿ ಒತ್ತಡ ಹಿಡಿದಿರುತ್ತವೆ. ನಿಂತ ಪಂಪಿನ ಲೈನಿನಲ್ಲಿ ನೀರು ತಕ್ಷಣ ಹಿಂದಕ್ಕೆ ತಿರುಗುತ್ತದೆ. ಸ್ವಿಂಗ್ ವಾಲ್ವಿನ ಡೋರ್ ಭಾರ, ಅದು ಬಂದು ಕೂರಬೇಕಾದ ದಾರಿಯೂ ಉದ್ದ. ಅದು ಕೂರುವಷ್ಟರಲ್ಲಿ ನೀರು ಹಿಮ್ಮುಖವಾಗಿ ವೇಗ ಹಿಡಿದಿರುತ್ತದೆ. ಆ ನೀರು ಒಮ್ಮೆಗೇ ನಿಂತಾಗ ಆಗುವುದೇ ಈ ಬಡಿತ. ಎಷ್ಟು ಜೋರು ಎಂದು ಲೆಕ್ಕ ಹಾಕಬಹುದು. ಸ್ಟೀಲ್ ಪೈಪಿನಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 1,000 ಮೀಟರ್ ಓಡುತ್ತದೆ. ಹಾಗಾಗಿ ಹಿಮ್ಮುಖ ವೇಗ ಸೆಕೆಂಡಿಗೆ ಬರೀ ಅರ್ಧ ಮೀಟರ್ ಇದ್ದರೂ ಹತ್ತಿರ ಹತ್ತಿರ 50 ಮೀಟರ್ ಹೆಡ್‌ನಷ್ಟು ಹೊಡೆತ ಬೀಳುತ್ತದೆ. ನಿಮ್ಮ ಪಂಪಿನ ಹೆಡ್ಡೇ 22 ಮೀಟರ್!

ಇದೇ ಸ್ವಿಂಗ್ ವಾಲ್ವನ್ನು ಒಂದೇ ಪಂಪ್, ಉದ್ದ ಪೈಪ್, ಕಡಿಮೆ ಏರು ಇರುವ ಕಡೆ ಹಾಕಿದರೆ ಸದ್ದೇ ಇರುವುದಿಲ್ಲ. ಅಲ್ಲಿ ನೀರು ನಿಧಾನಕ್ಕೆ ನಿಲ್ಲುತ್ತದೆ, ಡೋರ್‌ಗೆ ಸಮಯ ಸಿಗುತ್ತದೆ. ಹಾಗಾಗಿ ನೀರು ಎಷ್ಟು ಬೇಗ ಹಿಂದೆ ತಿರುಗುತ್ತದೆ ಎಂದು ನೋಡದೆ ಬರೀ ಪೈಪಿನ ಅಳತೆ ಹಿಡಿದು ಎನ್‌ಆರ್‌ವಿ ತರಿಸುವುದು ಸುಮ್ನೆ ದುಡ್ಡು ದಂಡ.

ಇನ್ನು ಪಿನ್ ಸವೆತ. ಅದಕ್ಕೆ ಬಡಿತ ಒಂದೇ ಕಾರಣ ಅಲ್ಲ ಅಂತ ನನ್ನ ಅನುಮಾನ. 1,800 ಘನ ಮೀಟರ್ ನೀರು 600 ಪೈಪಿನಲ್ಲಿ ಹೋದರೆ ವೇಗ ಸೆಕೆಂಡಿಗೆ 1.77 ಮೀಟರ್. ಸ್ವಿಂಗ್ ಡೋರ್ ಪೂರ್ತಿ ತೆರೆದು ಸ್ಟಾಪರ್‌ಗೆ ಒರಗಿ ನಿಲ್ಲಲು, ವಿನ್ಯಾಸ ನೋಡಿಕೊಂಡು, ಸುಮಾರು 1.3ರಿಂದ 2.3 ಮೀಟರ್ ವೇಗ ಬೇಕು. ಅಷ್ಟಿಲ್ಲದಿದ್ದರೆ ಡೋರ್ ಅರ್ಧ ತೆರೆದು ನೀರಿನಲ್ಲಿ ಅಲ್ಲಾಡುತ್ತಲೇ ಇರುತ್ತದೆ. ಹಂಗಾಮು ಪೂರ್ತಿ ಹಗಲೂ ರಾತ್ರಿ ಅಲ್ಲಾಡಿದರೆ ಯಾವ ಪಿನ್ ಉಳಿದೀತು? ಪಂಪ್ ಓಡುವಾಗ ಬಾಡಿಗೆ ಕಿವಿಗೊಟ್ಟು ಕೇಳಿ. ಟಕ್ ಟಕ್ ಸದ್ದು ಬಂದರೆ ಇದೇ ಕಾರಣ.

ಅದಕ್ಕೇ 500 ಮಿ.ಮೀ. ವಾಲ್ವ್ ಹಾಕಿ ಅನ್ನುತ್ತೇನೆ. ಅದರಲ್ಲಿ ವೇಗ 2.55 ಮೀಟರ್ ಆಗುತ್ತದೆ. ಪಂಪಿನ ಡೆಲಿವರಿ ಬಾಯಿ ಸಾಮಾನ್ಯವಾಗಿ ಲೈನಿಗಿಂತ ಚಿಕ್ಕದು. ಅದನ್ನು ಮೊದಲು 500ಕ್ಕೆ ಏರಿಸಿ, ವಾಲ್ವ್ ಕೂರಿಸಿ, ಆಮೇಲೆ 600ಕ್ಕೆ ಹೋಗಿ. ವಾಲ್ವಿನ ಮುಂಚೆ ಪೈಪ್ ವ್ಯಾಸದ ಐದು ಪಟ್ಟು, ಅಂದರೆ 2.5 ಮೀಟರ್ ನೇರ ಪೈಪ್ ಇದ್ದರೆ ಒಳ್ಳೆಯದು. ಪಂಪಿನ ಬಾಯಿಯಲ್ಲೇ ಕೂರಿಸಿದರೆ ನೀರಿನ ಸುಳಿಗೆ ಪ್ಲೇಟುಗಳು ನಡುಗಿ ಸ್ಪ್ರಿಂಗ್ ಮುರಿಯುತ್ತದೆ. ಚಿಕ್ಕ ವಾಲ್ವಿನಲ್ಲಿ ಒತ್ತಡ ನಷ್ಟ ಸ್ವಲ್ಪ ಜಾಸ್ತಿ, ನಿಜ. ಅರ್ಧ ಮೀಟರ್ ಹೆಡ್ ಹೆಚ್ಚು ಹೋದರೆ ಒಂದೊಂದು ಪಂಪಿಗೆ ಮೂರು ಕಿಲೋವ್ಯಾಟ್ ಆಸುಪಾಸು ಖರ್ಚು. ಪದೇ ಪದೇ ವಾಲ್ವ್ ಬಿಚ್ಚುವುದಕ್ಕಿಂತ ನನಗೆ ಇದೇ ವಾಸಿ.

ಡ್ಯುಯಲ್ ಪ್ಲೇಟ್ ಯಾಕೆ ಒಳ್ಳೆಯದು? ಎರಡು ಹಗುರ ಪ್ಲೇಟು, ಕಡಿಮೆ ದಾರಿ, ಹಿಂದಿನಿಂದ ತಳ್ಳುವ ಸ್ಪ್ರಿಂಗ್. ನೀರು ತಿರುಗುವ ಹೊತ್ತಿಗೆ ಅದು ಬಹುಪಾಲು ಮುಚ್ಚಿರುತ್ತದೆ. ಇದಕ್ಕಿಂತ ಬೇಗ ಮುಚ್ಚುವ ನಾಝಲ್ ಟೈಪ್ ಕೂಡ ಇದೆ. ಅದರ ಬೆಲೆ ನಿಮ್ಮ 22 ಮೀಟರ್ ಹೆಡ್ಡಿಗೆ ಅತಿ ಆಯಿತು.

ಒಂದು ಷರತ್ತು ಮಾತ್ರ ಇದೆ. ಡ್ಯುಯಲ್ ಪ್ಲೇಟಿನ ಪಿನ್ ನೀರಿನ ನಟ್ಟನಡುವೆ ಇರುತ್ತದೆ. ಸ್ಪ್ರೇ ಪಾಂಡ್‌ಗೆ ಬಗಾಸ್ (ಕಬ್ಬಿನ ಸಿಪ್ಪೆ), ಎಲೆ, ಪ್ಲಾಸ್ಟಿಕ್ ಎಲ್ಲ ಹಾರಿ ಬೀಳುತ್ತವೆ. ಸಕ್ಷನ್ ಹೊಂಡದ ಜಾಲರಿ ಹರಿದಿದ್ದರೆ ಅದೆಲ್ಲ ಪಿನ್‌ಗೆ ಸುತ್ತಿಕೊಂಡು ಪ್ಲೇಟು ಮುಚ್ಚುವುದೇ ಇಲ್ಲ. ಜಾಲರಿ ನಂಬುವ ಹಾಗಿಲ್ಲ ಅಂದರೆ ಸ್ವಿಂಗ್‌ನಲ್ಲೇ ಇರಿ, ಆದರೆ ಕೌಂಟರ್‌ವೇಟ್ (ಎದುರು ತೂಕ) ಮತ್ತು ಆಯಿಲ್ ಡ್ಯಾಶ್‌ಪಾಟ್ (ಡೋರಿನ ವೇಗ ತಗ್ಗಿಸುವ ಎಣ್ಣೆಯ ಸಿಲಿಂಡರ್) ಇರುವುದನ್ನು ತಗೊಳ್ಳಿ. ಡ್ಯಾಶ್‌ಪಾಟ್ ಕೊನೆಯಲ್ಲಿ ಮೆಲ್ಲಗೆ ಮುಚ್ಚುತ್ತದೆ. ಆ ಹೊತ್ತಿನಲ್ಲಿ ಪಂಪ್ ಸ್ವಲ್ಪ ಉಲ್ಟಾ ತಿರುಗಬಹುದು. ಪಂಪ್ ಅದನ್ನು ತಾಳಿಕೊಳ್ಳುತ್ತದೆಯೇ ಎಂದು ಪಂಪ್ ತಯಾರಕರನ್ನು ಮೊದಲೇ ಕೇಳಿ.

ಆರ್ಡರ್ ಹಾಕುವಾಗ "600 ಎನ್‌ಆರ್‌ವಿ, 4 ನಂಬರ್" ಅಂತ ಬರೆಯಬೇಡಿ. ಕನಿಷ್ಠ ಮತ್ತು ಮಾಮೂಲಿ ಹರಿವು, ಜೊತೆಗೆ ಓಡುವ ಪಂಪುಗಳ ಸಂಖ್ಯೆ, ಪೈಪ್ ಅಡ್ಡವೋ ನಿಲುವೋ, ನೀರು ಎಂಥದ್ದು, ಇಷ್ಟೂ ಬರೆಯಿರಿ. ಪೂರ್ತಿ ತೆರೆಯಲು ಬೇಕಾದ ಕನಿಷ್ಠ ವೇಗವನ್ನೂ, ನೀರು ನಿಲ್ಲುವ ರಭಸಕ್ಕೆ ಹಿಮ್ಮುಖ ವೇಗ ಎಷ್ಟಾಗುತ್ತದೆ ಎಂಬ ಕರ್ವ್‌ಅನ್ನೂ ಸಪ್ಲೈಯರ್‌ನಿಂದ ಬರಹದಲ್ಲಿ ತರಿಸಿ.

ಪ್ರಶ್ನೆ: ವೇಫರ್ ಟೈಪ್ (ಎರಡು ಫ್ಲ್ಯಾಂಜ್ ನಡುವೆ ಸಿಕ್ಕಿಸುವ ತೆಳು) ಡ್ಯುಯಲ್ ಪ್ಲೇಟನ್ನು ಬಟರ್‌ಫ್ಲೈ ವಾಲ್ವಿಗೆ (ಒಳಗೆ ತಿರುಗುವ ಡಿಸ್ಕ್ ಇರುವುದು) ನೇರ ಅಂಟಿಸಿ ಬೋಲ್ಟ್ ಮಾಡಬಹುದಾ? ಜಾಗ ಕಡಿಮೆ ಇದೆ.

ಉತ್ತರ: ಬೇಡ. ತೆರೆದಾಗ ಪ್ಲೇಟುಗಳು ಬಾಡಿಯಿಂದ ಆಚೆ ಚಾಚುತ್ತವೆ, ಬಟರ್‌ಫ್ಲೈ ಡಿಸ್ಕ್ ಕೂಡ ಚಾಚುತ್ತದೆ. ಎರಡೂ ಒಂದಕ್ಕೊಂದು ತಾಗಿ ಸಿಕ್ಕಿಬೀಳುತ್ತವೆ. ನಡುವೆ ಒಂದು ಸ್ಪೂಲ್ ತುಂಡು (ಎರಡೂ ತುದಿಗೆ ಫ್ಲ್ಯಾಂಜ್ ಇರುವ ಗಿಡ್ಡ ಪೈಪ್) ಹಾಕಿ. ಉದ್ದ ಎಷ್ಟಿರಬೇಕು ಎಂದು ಎರಡೂ ಡ್ರಾಯಿಂಗ್ ಇಟ್ಟು ಅಳೆಯಿರಿ. ಅಡ್ಡ ಪೈಪಿನಲ್ಲಿ ಡ್ಯುಯಲ್ ಪ್ಲೇಟಿನ ಪಿನ್ ಮೇಲಿನಿಂದ ಕೆಳಕ್ಕೆ ನೆಟ್ಟಗೆ ಇರಬೇಕು. ಫಿಟ್ಟರ್‌ಗೆ ಇದನ್ನು ಮೊದಲೇ ಹೇಳಿಡಿ.