ಹೀಟರ್ ಅಂಟಿಕೊಂಡರೆ ಮೀನು ಉಳಿಸೋದು ಹೇಗೆ?

ಪ್ರಶ್ನೆ: ಮನೆಯಲ್ಲಿ 100 ಲೀಟರಿನ ಟ್ಯಾಂಕ್ ಇದೆ. ನಿಯಾನ್ ಟೆಟ್ರಾ, ಕೋರಿಡೋರಸ್, ಒಂದು ಜೋಡಿ ಗೌರಾಮಿ ಸಾಕಿದ್ದೆ. 200 ವ್ಯಾಟ್ ಹೀಟರ್ ಹಾಕಿ 25 ಡಿಗ್ರಿಗೆ ಇಟ್ಟಿದ್ದೆ. ಮೊನ್ನೆ ಬೆಳಿಗ್ಗೆ ಎದ್ದು ನೋಡಿದರೆ ನೀರು 35 ಡಿಗ್ರಿ! ಗೌರಾಮಿ ಬಿಟ್ಟು ಉಳಿದವೆಲ್ಲ ಸತ್ತಿದ್ದವು. ಹೀಟರಿನ ಗುಂಡಿ ಮಾತ್ರ 25ರಲ್ಲೇ ಇತ್ತು. ಇನ್ನೂ ದುಬಾರಿ ಹೀಟರ್ ತಂದರೆ ಹೀಗಾಗಲ್ಲ ಅಲ್ವಾ?

ಉತ್ತರ: ದುಬಾರಿಯದು ತಂದರೆ ಸ್ವಲ್ಪ ಜಾಸ್ತಿ ದಿನ ಬಾಳಬಹುದು, ಅಷ್ಟೇ. ನಿಮ್ಮ ಹೀಟರಿಗೆ ಆದದ್ದು ಅದಕ್ಕೂ ಆಗಬಹುದು.

ಕೆಟ್ಟ ಹೀಟರ್ ಕೈಗೆ ಸಿಕ್ಕರೆ ಬಿಚ್ಚಿ ನೋಡೋದು ನನ್ನ ಹಳೇ ಚಟ. ಸಾದಾ ಹೀಟರಿನ ಥರ್ಮೋಸ್ಟಾಟ್‌ನಲ್ಲಿ ಇರೋದು ಎರಡು ಬೇರೆ ಬೇರೆ ಲೋಹ ಸೇರಿಸಿದ ಒಂದು ತೆಳು ಪಟ್ಟಿ. ಬಿಸಿಯಾದರೆ ಪಟ್ಟಿ ಬಾಗುತ್ತದೆ. ಅದರ ತುದಿಯಲ್ಲಿರುವ ಪುಟ್ಟ ಕಾಂಟ್ಯಾಕ್ಟ್ ಎದುರಿನದರಿಂದ ದೂರ ಸರಿದು ಕರೆಂಟ್ ನಿಲ್ಲುತ್ತದೆ. ತಣ್ಣಗಾದರೆ ಮತ್ತೆ ತಾಗುತ್ತದೆ. ಹೀಗೆ ತಾಗುವಾಗ, ಬಿಡುವಾಗ ಸಣ್ಣದೊಂದು ಕಿಡಿ ಹಾರುತ್ತದೆ. ದಿನಕ್ಕೆ ಅದೆಷ್ಟೋ ಸಲ, ವರ್ಷಗಟ್ಟಲೆ. ಹಳೇ ಹೀಟರ್ ಬಿಚ್ಚಿದರೆ ಆ ಕಾಂಟ್ಯಾಕ್ಟುಗಳು ಕಪ್ಪಾಗಿ, ಗುಳಿ ಬಿದ್ದು ಕಾಣುತ್ತವೆ. ಯಾವತ್ತೋ ಒಂದು ದಿನ ಕಿಡಿಯ ಬಿಸಿಗೆ ಎರಡೂ ವೆಲ್ಡ್ ಆಗಿಬಿಡುತ್ತವೆ. ಆಮೇಲೆ ಗುಂಡಿ 25ರಲ್ಲಿದ್ದರೇನು, 20ರಲ್ಲಿದ್ದರೇನು, ಕರೆಂಟ್ ಹರಿಯುತ್ತಲೇ ಇರುತ್ತದೆ. ಡಿಜಿಟಲ್ ಹೀಟರಿಗೆ ಈ ಪಟ್ಟಿ ಇರಲ್ಲ, ನಿಜ. ಆದರೆ ಅದರ ಒಳಗಿನ ಸ್ವಿಚ್ಚೂ ಅಂಟಿಕೊಳ್ಳಬಲ್ಲದು.

ವಾರಂಟಿ ಕೊಡುವವರು ಹೀಟರ್ ಬದಲಿಸಿ ಕೊಡುತ್ತಾರೆ, ಮೀನು ಕೊಡಲ್ಲ. ಹಾಗಾಗಿ ಹೀಟರ್ ಒಂದಲ್ಲ ಒಂದು ದಿನ ಅಂಟಿಕೊಳ್ಳುತ್ತೆ ಅಂತಲೇ ಇಟ್ಟುಕೊಂಡು ಟ್ಯಾಂಕ್ ಜೋಡಿಸಿ.

ಸ್ವಲ್ಪ ಲೆಕ್ಕ ನೋಡೋಣ. 100 ಲೀಟರ್ ನೀರನ್ನು 1 ಡಿಗ್ರಿ ಏರಿಸಲು 200 ವ್ಯಾಟ್ ಹೀಟರಿಗೆ ಸುಮಾರು 35 ನಿಮಿಷ ಸಾಕು. ನೀವು ರಾತ್ರಿ ಮಲಗಿ ಏಳುವಷ್ಟರಲ್ಲಿ 10 ಡಿಗ್ರಿ ಏರಿದ್ದರಲ್ಲಿ ಆಶ್ಚರ್ಯವಿಲ್ಲ. ಅದೇ 50 ವ್ಯಾಟಿನದಾದರೆ 1 ಡಿಗ್ರಿಗೆ ಎರಡು ಗಂಟೆಯ ಮೇಲೆ ಬೇಕು. ಅಷ್ಟರಲ್ಲಿ ಟ್ಯಾಂಕಿನಿಂದ ಬಿಸಿ ಹೊರಗೂ ಹೋಗುತ್ತಿರುತ್ತದೆ. ಅದು ಅಂಟಿಕೊಂಡರೂ ನೀರು ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಬಹುದು, ಬೇಯುವುದಿಲ್ಲ. ಕೋಣೆಗಿಂತ ನೀರು 5 ಡಿಗ್ರಿ ಬೆಚ್ಚಗಿರಬೇಕಾದರೆ ಲೀಟರಿಗೆ 1 ವ್ಯಾಟ್ ಹೆಚ್ಚುಕಡಿಮೆ ಸಾಕು. ನಿಮಗೆ ನಾನು ಹೇಳೋದು 50 ವ್ಯಾಟಿನ ಎರಡು ಹೀಟರ್, ಟ್ಯಾಂಕಿನ ಎರಡು ತುದಿಗೆ ಒಂದೊಂದು. ಒಂದು ಸತ್ತೇ ಹೋದರೂ ಇನ್ನೊಂದು ನೀರನ್ನು ಪೂರ್ತಿ ತಣ್ಣಗಾಗಲು ಬಿಡಲ್ಲ.

ಇದರ ಮೇಲೆ ಒಂದು ಟೆಂಪರೇಚರ್ ಕಂಟ್ರೋಲರ್ ಹಾಕಿ. ಹೀಟರುಗಳ ಪ್ಲಗ್ ಅದಕ್ಕೆ, ಅದರ ಪ್ಲಗ್ ಗೋಡೆಗೆ, ಅದರ ಪ್ರೋಬ್ (ಬಿಸಿ ಅಳೆಯುವ ವಯರಿನ ತುದಿ) ನೀರಿಗೆ. ಕಂಟ್ರೋಲರನ್ನು 25ಕ್ಕೆ ಇಡಿ, ಹೀಟರುಗಳನ್ನು 27ಕ್ಕೆ. ಹೀಟರ್ ಅಂಟಿಕೊಂಡರೆ ಕಂಟ್ರೋಲರ್ 25ರಲ್ಲಿ ಕರೆಂಟ್ ಕಡಿಯುತ್ತದೆ. ಕಂಟ್ರೋಲರೇ ಅಂಟಿಕೊಂಡರೆ ಹೀಟರ್ ತಾನಾಗಿ 27ಕ್ಕೆ ನಿಲ್ಲುತ್ತದೆ. ಕೆಲವರು ಕಂಟ್ರೋಲರ್ ಇದೆಯಲ್ಲ ಅಂತ ಹೀಟರಿನ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿಬಿಡುತ್ತಾರೆ. ಅದು ಬೇಡ. ಪ್ರೋಬ್ ಹಿಡಿದಿರುವ ರಬ್ಬರ್ ಬಟ್ಟಲು ಸಡಿಲವಾಗಿ ಪ್ರೋಬ್ ನೀರಿನಿಂದ ಹೊರಗೆ ಜೋತುಬಿತ್ತು ಅಂತಿಟ್ಟುಕೊಳ್ಳಿ. ಕಂಟ್ರೋಲರಿಗೆ ಸಿಗೋದು ಕೋಣೆಯ ಗಾಳಿಯ ಲೆಕ್ಕ. ನೀರು ಇನ್ನೂ ತಣ್ಣಗಿದೆ ಅಂದುಕೊಂಡು ಹೀಟರಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಆಗ ಕಾಪಾಡೋದು ಹೀಟರಿನ ಆ 27 ಒಂದೇ.

ಹೀಟರಿನಿಂದ ದೂರದಲ್ಲಿ ಬೇರೆಯದೇ ಒಂದು ಥರ್ಮಾಮೀಟರ್ ಇರಲಿ. ಮೀನಿಗೆ ಊಟ ಹಾಕುವ ಮುಂಚೆ ಅದನ್ನೊಮ್ಮೆ ನೋಡಿ.

ಗೌರಾಮಿ ಯಾಕೆ ಉಳಿದವು ಅಂದರೆ, ಅವು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಇದ್ದದ್ದು 35ರಲ್ಲಿ 7ರ ಆಸುಪಾಸಿಗೆ ಇಳಿಯುತ್ತದೆ. ಮೀನಿಗೆ ಮಾತ್ರ ಬಿಸಿಯಲ್ಲಿ ಉಸಿರು ಜಾಸ್ತಿಯೇ ಬೇಕು. ಟೆಟ್ರಾಗಳಿಗೆ ಬಿಸಿಯ ಏಟಿನ ಜೊತೆ ಉಸಿರು ಕಟ್ಟಿದ ಏಟೂ ಬಿದ್ದಿದೆ. ಇನ್ನೊಮ್ಮೆ ಹೀಗಾದರೆ ಮೊದಲು ಪ್ಲಗ್ ಕೀಳಿ, ಕೂಡಲೇ ಏರ್ ಪಂಪ್ ಜೋರಾಗಿ ಬಿಡಿ. ಆಮೇಲೆ ನೀರು ತಣಿಸುವ ಮಾತು. ಐಸ್ ಸುರಿಯಬೇಡಿ. ಸ್ವಲ್ಪ ನೀರು ತೆಗೆದು, ಕ್ಲೋರಿನ್ ಹೋಗಲಾಡಿಸಿದ, ಒಂದೆರಡು ಡಿಗ್ರಿ ಮಾತ್ರ ತಣ್ಣಗಿರುವ ನೀರು ಹಾಕುತ್ತಾ ನಿಧಾನಕ್ಕೆ ಇಳಿಸಿ. ಸತ್ತ ಮೀನುಗಳನ್ನು ತಡ ಮಾಡದೆ ತೆಗೆಯಿರಿ, ಇಲ್ಲದಿದ್ದರೆ ಅಮೋನಿಯಾ ಏರಿ ಬದುಕಿರುವವೂ ಹೋಗುತ್ತವೆ. ನಿಮ್ಮ ಗೌರಾಮಿಗಳಿಗೆ ಕೆಲವು ದಿನ ಊಟ ಕಮ್ಮಿ ಮಾಡಿ.

ಪ್ರಶ್ನೆ: ನೀರು ಬದಲಿಸುವಾಗ ಹೀಟರಿನ ಗಾಜು ಟಪ್ ಅಂತ ಒಡೆಯಿತು. ನೀರಿಗೆ ಕೈ ಹಾಕಿದರೆ ಜುಮ್ ಅಂತು. ಕಳಪೆ ಮಾಲಾ?

ಉತ್ತರ: ಮಾಲಿನ ವಿಷಯ ಆಮೇಲೆ. ಇನ್ನು ಮುಂದೆ ಪ್ಲಗ್ ಕೀಳದೆ ಆ ನೀರಿಗೆ ಬೆರಳನ್ನೂ ಅದ್ದಬೇಡಿ. ನೀರಿನ ಮಟ್ಟ ಇಳಿದಾಗ ಹೀಟರ್ ಉರಿಯುತ್ತಲೇ ಹೊರಗೆ ಬಂದಿರುತ್ತದೆ. ನೀರಿಲ್ಲದೆ ಗಾಜು ವಿಪರೀತ ಕಾದಿರುತ್ತದೆ, ಅದಕ್ಕೆ ತಣ್ಣೀರು ತಗುಲಿದರೆ ಸೀಳದೆ ಇನ್ನೇನು? ನೀರು ತೆಗೆಯುವ ಹದಿನೈದು ನಿಮಿಷ ಮುಂಚೆಯೇ ಪ್ಲಗ್ ತೆಗೆದಿಡಿ. ತಯಾರಕರು ಅಡ್ಡ ಇಡಬಹುದು ಅಂದಿದ್ದರೆ ಹೀಟರನ್ನು ತಳದ ಹತ್ತಿರ ಅಡ್ಡಲಾಗಿ, ಫಿಲ್ಟರಿನ ನೀರು ಹರಿಯುವ ಕಡೆ ಕೂರಿಸಿ. ಆಗ ಮಟ್ಟ ಇಳಿದರೂ ಅದು ಮುಳುಗಿಯೇ ಇರುತ್ತದೆ. ಟ್ಯಾಂಕಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇದೆಯಾ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಇಲ್ಲದಿದ್ದರೆ ಹಾಕಿಸಿ. ವಯರ್ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲಕ್ಕೆ ಹೋಗಲಿ. ಅದರ ಮೇಲೆ ಜಾರಿ ಬರುವ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗಲ್ಲ. ಒಡೆದ ಹೀಟರಿಗೆ ಅಂಟು ಹಚ್ಚುವ ಯೋಚನೆ ಬೇಡ, ಎಸೆಯಿರಿ.

ಪ್ರಶ್ನೆ: ಎರಡು ದಿನದಿಂದ ಹೀಟರಿನ ದೀಪ ಹತ್ತಿಲ್ಲ. ನೀರು 26 ಇದೆ. ಕೆಟ್ಟಿದೆ ಅಂತಲಾ?

ಉತ್ತರ: ಕೋಣೆಯೇ ಬೆಚ್ಚಗಿದ್ದರೆ ಅದಕ್ಕೆ ಕೆಲಸವಿಲ್ಲ, ಸುಮ್ನೆ ಇರುತ್ತದೆ. ಗುಂಡಿಯನ್ನು 28ಕ್ಕೆ ಏರಿಸಿ, ದೀಪ ಹತ್ತಬೇಕು. ವಾಪಸ್ ಇಳಿಸಿ, ಆರಬೇಕು. ಎರಡನೆಯದನ್ನು ಯಾರೂ ನೋಡಲ್ಲ. ಮೀನಿಗೆ ಜಾಸ್ತಿ ಅಪಾಯ ಆರದ ದೀಪದಿಂದಲೇ. ಹೊಸ ಹೀಟರ್ ತಂದರೂ ನೇರವಾಗಿ ಟ್ಯಾಂಕಿಗೆ ಹಾಕಬೇಡಿ. ಒಂದು ದಿನ ಬಕೆಟ್ ನೀರಿನಲ್ಲಿ ಓಡಿಸಿ, ಹೇಳಿದ ಡಿಗ್ರಿಗೆ ನಿಲ್ಲುತ್ತದಾ ನೋಡಿ. ತಂದ ತಾರೀಖನ್ನು ಪ್ಲಗ್ ಮೇಲೆ ಬರೆದಿಡಿ. ಮೂರು ವರ್ಷ ದಾಟಿದ್ದನ್ನು, ಚೆನ್ನಾಗಿ ಓಡುತ್ತಿದ್ದರೂ, ನಾನಂತೂ ಟ್ಯಾಂಕಿನಲ್ಲಿ ಉಳಿಸಿಕೊಳ್ಳಲ್ಲ.