ಓದಿದವರೂ ಬ್ರೈನ್‌ವಾಶ್‌ಗೆ ಸಿಗುವುದು ಹೇಗೆ?

ನಿಮ್ಮ ಗೆಳೆಯ ಚೆನ್ನಾಗಿ ಓದಿದವನು, ಆದರೂ ಒಂದು ರಾಜಕೀಯ ಗುಂಪು ಹೇಳಿದ್ದನ್ನೆಲ್ಲ ನಂಬುತ್ತಾನೆ, ವಾದ ಮಾಡಿ ಸಾಕಾಗಿದೆ, ಇದು ಹೇಗೆ ಸಾಧ್ಯ ಅಂತ ಕೇಳಿದ್ದೀರಿ.

ಇದಕ್ಕೆ ಕತ್ತಲ ಕೋಣೆ, ಇಂಜೆಕ್ಷನ್ ಏನೂ ಬೇಕಿಲ್ಲ. ಅದನ್ನೂ ಮಾಡಿ ನೋಡಿದ್ದಾರೆ ಬಿಡಿ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ 1953ರಲ್ಲಿ ಎಂಕೆ-ಅಲ್ಟ್ರಾ ಎಂಬ ಗುಟ್ಟಿನ ಯೋಜನೆ ಶುರು ಮಾಡಿ, ಏನೂ ಅರಿಯದ ಜನರಿಗೂ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕ ವಸ್ತು ಕೊಟ್ಟಿತು. ಕೆಲವರ ಬದುಕು ಹಾಳಾಯಿತು, ಮನಸ್ಸು ಮಾತ್ರ ಹಿಡಿತಕ್ಕೆ ಸಿಗಲಿಲ್ಲ.

ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ಅಮೆರಿಕ ಮತ್ತು ಚೀನಾ ಎದುರುಬದುರಾಗಿದ್ದ ಕೊರಿಯಾ ಯುದ್ಧದ (1950–53) ಸೆರೆಶಿಬಿರಗಳಲ್ಲಿ ಚೀನೀಯರು ಮಾಡಿದ ಒಂದು ಸಾದಾ ಕೆಲಸ. ಅಮೆರಿಕನ್ ಕೈದಿಗಳಿಗೆ ಪ್ರಬಂಧ ಸ್ಪರ್ಧೆ ಇಡುತ್ತಿದ್ದರು. ಬಹುಮಾನ ಒಂದಷ್ಟು ಸಿಗರೇಟು, ಇಲ್ಲವೇ ಹಣ್ಣು. ಕಮ್ಯುನಿಸಂ ಹೊಗಳಲೇಬೇಕು ಅಂತಲೂ ಇರಲಿಲ್ಲ. ತನ್ನ ದೇಶವನ್ನೇ ಮೆಚ್ಚಿ ಬರೆದು, ನಡುವೆ ಚೀನಾದ ಪರ ಒಂದೆರಡು ಮಾತು ಸೇರಿಸಿದವನೂ ಗೆಲ್ಲುತ್ತಿದ್ದ. ಬಹುಮಾನ ಸಣ್ಣದಿದ್ದದ್ದರಲ್ಲೇ ಇದೆ ಕಿತಾಪತಿ. ದೊಡ್ಡದಿದ್ದರೆ ‘ಅದರ ಆಸೆಗೆ ಬರೆದೆ’ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ನಾಲ್ಕು ಸಿಗರೇಟಿಗೆ ಹಾಗೆ ಹೇಳಿಕೊಳ್ಳೋಕೆ ಆಗುತ್ತಾ? ಆಗ ‘ಬರೆದದ್ದರಲ್ಲಿ ಸ್ವಲ್ಪ ನಿಜ ಇರಬೇಕು’ ಅನ್ನಿಸತೊಡಗುತ್ತದೆ. ಬರೆದ ಕೈ ತನ್ನದೇ ಅಲ್ವಾ!

ಇಲ್ಲೇ ಓದು ಕೈ ಕೊಡುವುದು. ಓದಿದವನಿಗೆ ತಾನು ಈಗಾಗಲೇ ಮಾಡಿದ್ದಕ್ಕೆ ಒಳ್ಳೊಳ್ಳೆಯ ಕಾರಣ ಹುಡುಕುವುದು ಚೆನ್ನಾಗಿ ಗೊತ್ತು. ಗುಂಪುಗಳು ಮೊದಲು ಕೇಳುವುದೂ ನಂಬಿಕೆಯನ್ನಲ್ಲ, ಸಣ್ಣ ಕೆಲಸವನ್ನು: ಒಂದು ಬ್ಯಾನರ್ ಹಿಡಿ, ಒಂದು ಪೋಸ್ಟ್ ಹಂಚು, ಸಭೆಯಲ್ಲಿ ಎರಡು ಮಾತು ಆಡು.

ಶಿಬಿರದಲ್ಲಿ ಇನ್ನೊಂದೂ ನಡೆಯಿತು. ಅಧಿಕಾರಿಗಳನ್ನು ಸಿಪಾಯಿಗಳಿಂದ ಬೇರೆ ಇಟ್ಟರು. ಮನೆಯಿಂದ ಬಂದ ಒಳ್ಳೆಯ ಸುದ್ದಿಯ ಪತ್ರಗಳನ್ನು ತಡೆದು, ಕೆಟ್ಟ ಸುದ್ದಿಯವನ್ನು ಕೊಟ್ಟರು. ಪಕ್ಕದಲ್ಲಿ ‘ಇದು ಸರಿಯಿಲ್ಲ ಕಣೋ’ ಅನ್ನುವವನೇ ಇಲ್ಲದ ಹಾಗೆ ಮಾಡಿದರು. ಆ ಒಬ್ಬನ ಬೆಲೆ ಎಷ್ಟು ಅಂತ 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ತೋರಿಸಿಕೊಟ್ಟರು. ಗೆರೆಗಳ ಉದ್ದ ಹೋಲಿಸುವ ಸುಲಭದ ಪ್ರಶ್ನೆ. ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳಿದಾಗ, ಪರೀಕ್ಷೆಗೆ ಕೂತವರ ಉತ್ತರಗಳಲ್ಲಿ ಸುಮಾರು ಮೂರನೇ ಒಂದು ಭಾಗ ತಪ್ಪಾದವು. ಆ ಉಳಿದವರಲ್ಲೊಬ್ಬ ಸರಿ ಉತ್ತರ ಹೇಳಿದರೆ ಸಾಕು, ತಪ್ಪುಗಳು ಮೊದಲಿದ್ದುದರ ಕಾಲು ಭಾಗದಷ್ಟಕ್ಕೆ ಇಳಿದವು.

ಯುದ್ಧ ಮುಗಿದಾಗ 21 ಅಮೆರಿಕನ್ ಕೈದಿಗಳು ಊರಿಗೆ ಹೋಗಲ್ಲ ಎಂದು ಚೀನಾಕ್ಕೆ ಹೋದರು. ಮುಂದಿನ ವರ್ಷಗಳಲ್ಲಿ ಅವರಲ್ಲೂ ಹೆಚ್ಚಿನವರು ಚೀನಾ ಬಿಟ್ಟು ಬಂದರು. ಹಾಗಾಗಿ ನಿಮ್ಮ ಗೆಳೆಯನ ಮೇಲೆ ಆಸೆ ಬಿಡಬೇಕಿಲ್ಲ.

ವಾದ ಮಾತ್ರ ನಿಲ್ಲಿಸಿ. ನೀವು ಒತ್ತಿದಷ್ಟೂ ಅವನು ಹೊಸ ಕಾರಣ ಹುಡುಕುತ್ತಾನೆ. ಸುಮ್ನೆ ಫೋನ್ ಮಾಡಿ, ರಾಜಕೀಯ ಬಿಟ್ಟು ಬೇರೆ ಮಾತಾಡಿ. ಗುಂಪಿನ ಹೊರಗೆ ಅವನಿಗೆ ಇನ್ನೂ ಒಬ್ಬರಿರಲಿ. ಎಂದಾದರೂ ಅವನೇ ಗುಂಪಿನ ಬಗ್ಗೆ ಗೊಣಗಿದರೆ ಕೇಳಿಸಿಕೊಳ್ಳಿ. ‘ನಾನು ಆಗಲೇ ಹೇಳಿರಲಿಲ್ವಾ’ ಅಂತ ಶುರು ಮಾಡಬೇಡಿ.