ಹತ್ತು ಪ್ರಶಸ್ತಿ, ಐದು ಪ್ರಶಸ್ತಿ, ಸೊನ್ನೆ ಪ್ರಶಸ್ತಿ

ಮಾನ್ಯರೆ,

ನಾರ್ತ್ ಕೆರೊಲಿನಾದ ಕೇರಿ ಪಟ್ಟಣದಿಂದ ತಾವು ಬರೆದ ಪತ್ರ ತಲುಪಿತು. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್‌ಗಳ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನಕ್ಕೆ ತಾವು ಮೂರು ಆಕ್ಷೇಪಗಳನ್ನು ಎತ್ತಿದ್ದೀರಿ. ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ತಂಡದ ಜಾನ್ ವುಡನ್ ಹತ್ತು ಬಾರಿ, ಡ್ಯೂಕ್‌ನ ಮೈಕ್ ಶಶೆವ್‌ಸ್ಕಿ ಐದೇ ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿರುವಾಗ ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದೇಕೆ, ಒಮ್ಮೆಯೂ ಗೆಲ್ಲದ ಗೊಂಜಾಗದ ಮಾರ್ಕ್ ಫ್ಯೂ ಅವರಿಗೆ ಅಷ್ಟೊಂದು ಜಾಗ ಕೊಟ್ಟಿದ್ದೇಕೆ, ಮಹಿಳಾ ತಂಡಗಳ ಕೋಚ್‌ಗಳನ್ನು ಬಿಟ್ಟಿದ್ದೇಕೆ ಎಂದು ಕೇಳಿದ್ದೀರಿ. "ಕೊನೆಗೆ ಟ್ರೋಫಿ ಎತ್ತಿದವನೇ ಕೋಚ್, ಉಳಿದದ್ದೆಲ್ಲ ನೆಪ" ಎಂಬ ತಮ್ಮ ಮಾತೇ ಈ ಮೂರಕ್ಕೂ ಬುನಾದಿಯಾಗಿರುವುದರಿಂದ ಅದರಿಂದಲೇ ಆರಂಭಿಸುತ್ತೇನೆ.

ಈ ರಾಷ್ಟ್ರೀಯ ಪ್ರಶಸ್ತಿಗಾಗಿ ಕಾಲೇಜು ತಂಡಗಳ ನಡುವೆ ನಡೆಯುವ ಎನ್‌ಸಿಎಎ ಪಂದ್ಯಾವಳಿಯಲ್ಲಿ ಒಮ್ಮೆ ಸೋತ ತಂಡಕ್ಕೆ ಎರಡನೆಯ ಅವಕಾಶವಿಲ್ಲ. ವೃತ್ತಿಪರ ಆಟಗಾರರ ಲೀಗ್ ಆದ ಎನ್‌ಬಿಎಯ ಪ್ರಶಸ್ತಿ ಹಂತದಲ್ಲಿ ಪ್ರತಿ ಸುತ್ತೂ ಏಳು ಪಂದ್ಯಗಳ ಸರಣಿಯಾದ್ದರಿಂದ ಒಂದು ರಾತ್ರಿಯ ಕೆಟ್ಟ ಆಟವನ್ನು ಮತ್ತೊಂದು ರಾತ್ರಿ ತಿದ್ದಿಕೊಳ್ಳಬಹುದು. ಇಲ್ಲಿ ಅದು ಸಾಧ್ಯವಿಲ್ಲ. 1985ರಲ್ಲಿ ತಂಡಗಳ ಸಂಖ್ಯೆ 64ಕ್ಕೆ ಏರಿದಂದಿನಿಂದ ಪ್ರಶಸ್ತಿಗೆ ಸತತ ಆರು ಗೆಲುವುಗಳು ಬೇಕು. ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಂಭವ ಶೇ. 80ರಷ್ಟಿರುವ ಬಲಿಷ್ಠ ತಂಡವನ್ನೇ ತೆಗೆದುಕೊಳ್ಳಿ. ಆರನ್ನೂ ಗೆಲ್ಲುವ ಸಂಭವ ಕೇವಲ ಶೇ. 26, ಎಂದರೆ ಅಂಥ ತಂಡವನ್ನು ಕಟ್ಟಿದ ಕೋಚ್ ಕೂಡ ನಾಲ್ಕರಲ್ಲಿ ಸುಮಾರು ಮೂರು ವರ್ಷ ಬರಿಗೈಯಲ್ಲಿ ಮನೆಗೆ ಮರಳುತ್ತಾನೆ.

ಇದು ಬರೀ ಕಾಗದದ ಲೆಕ್ಕವಲ್ಲ ಎನ್ನುವುದಕ್ಕೆ ವರ್ಜೀನಿಯಾ ವಿಶ್ವವಿದ್ಯಾಲಯದ ಟೋನಿ ಬೆನೆಟ್ ಅವರ ಎರಡು ವರ್ಷಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಪಂದ್ಯಾವಳಿಯ ತಂಡಗಳನ್ನು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ಒಂದರಿಂದ ಹದಿನಾರರವರೆಗೆ ಶ್ರೇಯಾಂಕ ಕೊಡುತ್ತಾರೆ. 2018ರಲ್ಲಿ ಅಗ್ರ ಶ್ರೇಯಾಂಕ ಪಡೆದಿದ್ದ ಅವರ ತಂಡ ಷಾರ್ಲೆಟ್‌ನಲ್ಲಿ ಹದಿನಾರನೆಯ ಶ್ರೇಯಾಂಕದ ಯುಎಂಬಿಸಿ (ಮೇರಿಲ್ಯಾಂಡ್‌ನ ಒಂದು ವಿಶ್ವವಿದ್ಯಾಲಯ) ಎದುರು 74–54ರಿಂದ ಸೋತಿತು. ಪುರುಷರ ಪಂದ್ಯಾವಳಿಯ ಇತಿಹಾಸದಲ್ಲಿ ಹಾಗೆ ಸೋತ ಮೊದಲ ತಂಡ ಅದು. ಮರುವರ್ಷ ಅದೇ ಕೋಚ್, ಬಹುಮಟ್ಟಿಗೆ ಅದೇ ಆಟಗಾರರು, ಅದೇ ನಿಧಾನಗತಿಯ ರಕ್ಷಣಾತ್ಮಕ ಆಟ. ವರ್ಜೀನಿಯಾ ಚಾಂಪಿಯನ್ ಆಯಿತು. ಆದರೆ ಹೇಗೆ? ಕ್ವಾರ್ಟರ್ ಫೈನಲ್‌ನಲ್ಲಿ ಪರ್ಡ್ಯೂ ಎದುರು ಕೊನೆಯ ಕ್ಷಣದಲ್ಲಿ ವರ್ಜೀನಿಯಾದ ಫ್ರೀ ಥ್ರೋ (ಎದುರಾಳಿಯ ತಪ್ಪಿಗೆ ಸಿಗುವ, ಯಾರೂ ಅಡ್ಡಬರದ ಎಸೆತ) ಒಂದು ತಪ್ಪಿ, ಚೆಂಡು ತಮ್ಮದೇ ಅಂಕಣದತ್ತ ದೂರ ಚಿಮ್ಮಿತು. ಕಿಹೈ ಕ್ಲಾರ್ಕ್ ಅದನ್ನು ಬೆನ್ನಟ್ಟಿ ಹಿಡಿದು ಮುಂದಕ್ಕೆ ಎಸೆದರೆ, ಮಮಾಡಿ ಡಿಯಾಕಿಟೆ ಗಂಟೆ ಮೊಳಗುವಷ್ಟರಲ್ಲಿ ಅದನ್ನು ಬ್ಯಾಸ್ಕೆಟ್ಟಿಗೆ ಸೇರಿಸಿ ಪಂದ್ಯವನ್ನು ಹೆಚ್ಚುವರಿ ಅವಧಿಗೆ ಕೊಂಡೊಯ್ದರು. ಸೆಮಿಫೈನಲ್‌ನಲ್ಲಿ ಆಬರ್ನ್ ಎದುರು ಎರಡು ಅಂಕ ಹಿಂದಿದ್ದಾಗ, 0.6 ಸೆಕೆಂಡು ಉಳಿದಿರುವಂತೆ, ಕೈಲ್ ಗೈ ಮೂರು ಫ್ರೀ ಥ್ರೋಗಳನ್ನೂ ಹಾಕಿ 63–62ರಿಂದ ಗೆಲ್ಲಿಸಿದರು. ಫೈನಲ್‌ನಲ್ಲಿಯೂ ಡಿಆಂಡ್ರೆ ಹಂಟರ್ ಕೊನೆಯ ಸೆಕೆಂಡುಗಳಲ್ಲಿ ಮೂರು ಅಂಕದ ಎಸೆತ ಹಾಕಿದ್ದರಿಂದ ಟೆಕ್ಸಸ್ ಟೆಕ್ ಎದುರು ಹೆಚ್ಚುವರಿ ಅವಧಿ ದೊರೆತು, 85–77ರ ಗೆಲುವು ದಕ್ಕಿತು. ಈ ಮೂರರಲ್ಲಿ ಒಂದು ಎಸೆತ ಬೆರಳಗಲ ತಪ್ಪಿದ್ದರೂ ಬೆನೆಟ್ ಅವರ ಹೆಸರು ಇಂದು 2018ರ ಸೋಲಿನೊಂದಿಗೆ ಮಾತ್ರ ಅಂಟಿಕೊಂಡಿರಬಹುದಿತ್ತು. ತಮ್ಮ ಅಳತೆಗೋಲಿನ ಪ್ರಕಾರ ಅವರು ಕೋಚ್ ಎನಿಸಿಕೊಂಡದ್ದು ಆ 0.6 ಸೆಕೆಂಡಿನಲ್ಲಿಯೇ?

ಹಾಗಾದರೆ ವುಡನ್ ಅವರ ಹತ್ತು ಪ್ರಶಸ್ತಿಗಳೂ ಅದೃಷ್ಟವೇ ಎಂದು ತಾವು ಕೇಳಬಹುದು. ಖಂಡಿತ ಅಲ್ಲ. ಅವರ ಕಾಲದಲ್ಲಿ ಪಂದ್ಯಾವಳಿ ಚಿಕ್ಕದಿತ್ತು, ಯುಸಿಎಲ್‌ಎಗೆ ಸಾಮಾನ್ಯವಾಗಿ ನಾಲ್ಕು ಗೆಲುವು ಸಾಕಾಗುತ್ತಿತ್ತು ಎನ್ನುವ ವಾದವನ್ನು ಆಗಾಗ ಕೇಳುತ್ತೇವೆ. ಅದು ನಿಜವೇ ಆದರೂ ಸಾಧನೆಯನ್ನು ವಿವರಿಸಲು ಸಾಲದು. 1964ರಿಂದ 1974ರ ಸೆಮಿಫೈನಲ್‌ನಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ಎದುರು ಸೋಲುವವರೆಗೆ ಯುಸಿಎಲ್‌ಎ ಈ ಪಂದ್ಯಾವಳಿಯಲ್ಲಿ ಆಡಿದ 38 ಪಂದ್ಯಗಳನ್ನೂ ಗೆದ್ದಿತು. ಪ್ರತಿ ಪಂದ್ಯದಲ್ಲಿ ಗೆಲುವಿನ ಸಂಭವ ಶೇ. 90 ಎಂದಿಟ್ಟುಕೊಂಡರೂ 38 ಸತತ ಗೆಲುವುಗಳು ಬರುವ ಸಂಭವ ನೂರಕ್ಕೆ ಎರಡಕ್ಕಿಂತ ಕಡಿಮೆ. ಆ ಸಂಭವ ನೂರಕ್ಕೆ ಐವತ್ತರಷ್ಟಾಗಬೇಕಾದರೆ ಪ್ರತಿ ಪಂದ್ಯದಲ್ಲೂ ಗೆಲುವಿನ ಸಂಭವ ಸುಮಾರು ಶೇ. 98 ಇರಬೇಕು. ಅಂಥ ಅಂತರವನ್ನು ಮತ್ತಾವ ಪುರುಷರ ತಂಡವೂ ಅಷ್ಟು ಕಾಲ ಕಾಯ್ದುಕೊಂಡಿಲ್ಲ.

ಆ ಅಂತರ ಬಂದದ್ದು ಲ್ಯೂ ಆಲ್ಸಿಂಡರ್, ಬಿಲ್ ವಾಲ್ಟನ್ ಅವರಂಥ ಅಸಾಮಾನ್ಯ ಎತ್ತರದ ಆಟಗಾರರಿಂದ ಎನ್ನುವವರಿಗೆ 1964ರ ತಂಡವನ್ನು ನೆನಪಿಸಬೇಕು. ಅದರ ಮೊದಲ ಐವರಲ್ಲಿ ಯಾರೂ 6 ಅಡಿ 5 ಅಂಗುಲಕ್ಕಿಂತ ಎತ್ತರವಿರಲಿಲ್ಲ. ಅಂಕಣದ ಉದ್ದಕ್ಕೂ ಎದುರಾಳಿಯ ಮೇಲೆ ಮುಗಿಬೀಳುವ ರಕ್ಷಣಾ ವ್ಯೂಹದ ಬಲದಿಂದ ಆ ತಂಡ ಮೂವತ್ತಕ್ಕೆ ಮೂವತ್ತೂ ಪಂದ್ಯಗಳನ್ನು ಗೆದ್ದು, ಫೈನಲ್‌ನಲ್ಲಿ ತಾವಿರುವ ಕೇರಿಗೆ ನೆರೆಯದಾದ ಡ್ಯೂಕ್ ತಂಡವನ್ನೇ 98–83ರಿಂದ ಮಣಿಸಿತು. ವುಡನ್ ಯುಸಿಎಲ್‌ಎಗೆ ಬಂದದ್ದು 1948ರಲ್ಲಿ. ಮೊದಲ ಪ್ರಶಸ್ತಿ ಬಂದದ್ದು ಅವರ ಹದಿನಾರನೆಯ ಋತುವಿನಲ್ಲಿ. ಇಂದಿನ ಯಾವ ವಿಶ್ವವಿದ್ಯಾಲಯ ಅಷ್ಟು ವರ್ಷ ಕಾದೀತೋ ನಾನರಿಯೆ. ಒಮ್ಮೆ ಸೇರಿದ ಪ್ರತಿಭೆ ಆಗ ಕಾಲೇಜಿನಲ್ಲೇ ಉಳಿಯುತ್ತಿತ್ತು ಎಂಬ ಅನುಕೂಲವನ್ನಂತೂ ಒಪ್ಪಲೇಬೇಕು. ಅಂದಿನ ನಿಯಮದಂತೆ ಮೊದಲ ವರ್ಷದವರು ಮುಖ್ಯ ತಂಡಕ್ಕೆ ಆಡುವಂತಿರಲಿಲ್ಲ, ಹೀಗಾಗಿ 1966ರಲ್ಲಿ ಮೊದಲ ವರ್ಷದಲ್ಲಿದ್ದ ಆಲ್ಸಿಂಡರ್ ಹೊರಗೇ ಉಳಿದರು, ಆ ವರ್ಷ ಯುಸಿಎಲ್‌ಎ ಪಂದ್ಯಾವಳಿಗೆ ಅರ್ಹತೆಯನ್ನೇ ಪಡೆಯಲಿಲ್ಲ. ಆದರೆ ಆಲ್ಸಿಂಡರ್ ನಂತರದ ಮೂರೂ ವರ್ಷ ಆಡಿದರು, ಮೂರೂ ವರ್ಷ ಪ್ರಶಸ್ತಿ ಬಂತು.

ಶಶೆವ್‌ಸ್ಕಿ ಅವರಿಗೆ ಈ ಅನುಕೂಲ ಕೊನೆಯವರೆಗೂ ಉಳಿಯಲಿಲ್ಲ. ಅವರ ಐದೂ ಪ್ರಶಸ್ತಿಗಳು 64 ಅಥವಾ ಅದಕ್ಕಿಂತ ಹೆಚ್ಚು ತಂಡಗಳ ನಡುವೆ, ತಲಾ ಆರು ಗೆಲುವುಗಳಿಂದ ಬಂದವು. 1991 ಮತ್ತು 1992ರಲ್ಲಿ ಗೆದ್ದದ್ದು ಕ್ರಿಶ್ಚಿಯನ್ ಲೇಟ್ನರ್ ಅವರಂತೆ ನಾಲ್ಕು ವರ್ಷ ಪಳಗಿದವರಿಂದ. 2015ರಲ್ಲಿ ಗೆದ್ದದ್ದು ಜಲೀಲ್ ಓಕಾಫೋರ್, ಟೈಯಸ್ ಜೋನ್ಸ್, ಜಸ್ಟಿಸ್ ವಿನ್ಸ್‌ಲೋ ಎಂಬ ಮೊದಲ ವರ್ಷದ ಹುಡುಗರಿಂದ, ಅವರು ಆ ಬೇಸಿಗೆಯಲ್ಲೇ ಎನ್‌ಬಿಎಗೆ ಹೊರಟುಹೋದರು. ತಂಡ ಕಟ್ಟುವ ಕೆಲಸದ ಸ್ವರೂಪವೇ ತಲೆಕೆಳಗಾದರೂ ಅವರು 1986ರಿಂದ 2022ರ ನಡುವೆ ಹದಿಮೂರು ಬಾರಿ ಫೈನಲ್ ಫೋರ್ (ಕೊನೆಯ ನಾಲ್ಕು ತಂಡಗಳ ಸುತ್ತು) ತಲುಪಿದರು. ಅದೃಷ್ಟ ಅವರ ಪಾಲಿಗೂ ಇತ್ತು: 2010ರ ಫೈನಲ್‌ನಲ್ಲಿ ಬಟ್ಲರ್‌ನ ಗಾರ್ಡನ್ ಹೇವರ್ಡ್ ಅಂಕಣದ ಮಧ್ಯದಿಂದ ಎಸೆದ ಚೆಂಡು ಬ್ಯಾಸ್ಕೆಟ್ಟಿನ ಬಳೆಗೆ ತಾಗಿ ಹೊರಬಿದ್ದದ್ದರಿಂದಲೇ 61–59 ಉಳಿಯಿತು. ಶಶೆವ್‌ಸ್ಕಿ ಅವರ ಕಟ್ಟಕಡೆಯ ಪಂದ್ಯದಲ್ಲಿ ಅವರನ್ನು ಸೋಲಿಸಿದ್ದು ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ತಂಡವೆಂದು, ಡ್ಯೂಕ್ ಇರುವ ಡರಮ್ ಮತ್ತು ಚಾಪೆಲ್ ಹಿಲ್ ಎರಡಕ್ಕೂ ಹತ್ತಿರದಲ್ಲಿರುವ ತಮಗೆ ಹೇಳಬೇಕಾಗಿಲ್ಲ. ಹತ್ತನ್ನು ಐದರಿಂದ ಭಾಗಿಸಿ ವುಡನ್ ಇವರ ಎರಡರಷ್ಟು ದೊಡ್ಡವರು ಎನ್ನುವುದು ಅಂಕಗಣಿತವಷ್ಟೇ ಆದೀತು.

ನಾನು ಹೆಚ್ಚು ನಂಬುವ ಅಳತೆ ಶ್ರೇಯಾಂಕಕ್ಕೆ ಹೋಲಿಸಿ ನೋಡುವುದು. ಅಗ್ರ ಶ್ರೇಯಾಂಕದ ತಂಡಗಳು ಸರಾಸರಿ ಮೂರಕ್ಕಿಂತ ತುಸು ಹೆಚ್ಚು ಪಂದ್ಯ ಗೆಲ್ಲುತ್ತವೆ. ಕೆಳಗಿನವುಗಳಿಂದ ನಿರೀಕ್ಷೆ ಇನ್ನೂ ಕಡಿಮೆ. ಮಿಷಿಗನ್ ಸ್ಟೇಟ್‌ನ ಟಾಮ್ ಇಜೊ ಅವರ ಬಳಿ 2000ರ ಒಂದೇ ಪ್ರಶಸ್ತಿಯಿದೆ. ಆದರೆ 2005 ಮತ್ತು 2010ರಲ್ಲಿ ಐದನೆಯ, 2015ರಲ್ಲಿ ಏಳನೆಯ ಶ್ರೇಯಾಂಕದ ತಂಡಗಳನ್ನು ಅವರು ಫೈನಲ್ ಫೋರ್‌ಗೆ ಕೊಂಡೊಯ್ದರು. ಪ್ರತಿಭೆಯನ್ನು ಕೂಡಿಹಾಕುವುದಕ್ಕಿಂತ ಇದ್ದುದರಿಂದ ಹೆಚ್ಚು ಹೊರತೆಗೆಯುವುದು ಕೋಚಿನ ಕಸುಬಿಗೆ ಹತ್ತಿರವೆಂದು ನನ್ನ ಅಭಿಪ್ರಾಯ.

ಫ್ಯೂ ಅವರ ವಿಷಯವೂ ಇದೇ. ಸ್ಪೋಕೇನ್‌ನ ಒಂದು ಸಣ್ಣ ಜೆಸ್ಯೂಟ್ ವಿಶ್ವವಿದ್ಯಾಲಯವನ್ನು 2015ರಿಂದ 2024ರವರೆಗೆ ನಡೆದ ಒಂಬತ್ತು ಪಂದ್ಯಾವಳಿಗಳಲ್ಲೂ ಕೊನೆಯ ಹದಿನಾರರ ಸುತ್ತಿಗೆ ಒಯ್ದವರು ಅವರು. ಎರಡು ಫೈನಲ್‌ಗಳನ್ನು ಸೋತರು, ನಿಜ. 2021ರಲ್ಲಿ ಬೇಲರ್ ಎದುರಿನ 86–70ರ ಸೋಲಿಗೆ ನೆಪ ಹೇಳುವಂತಿಲ್ಲ, ಅಂದು ಬೇಲರ್ ಎಲ್ಲ ರೀತಿಯಲ್ಲೂ ಮೇಲಾಗಿತ್ತು.

ಇನ್ನು ಮಹಿಳಾ ತಂಡಗಳು. ಲೇಖನದ ವ್ಯಾಪ್ತಿ ಪುರುಷರ ಪಂದ್ಯಾವಳಿಗೆ ಸೀಮಿತವಾಗಿತ್ತು. ಆದರೂ ಪ್ರಶ್ನೆ ನ್ಯಾಯವಾದದ್ದೇ. ಟೆನೆಸಿಯ ಪ್ಯಾಟ್ ಸಮಿಟ್ ಎಂಟು, ಕನೆಕ್ಟಿಕಟ್‌ನ ಜೀನೊ ಆರಿಯೆಮಾ ಹನ್ನೆರಡು ಪ್ರಶಸ್ತಿ ಗೆದ್ದಿದ್ದಾರೆ. ಅಲ್ಲಿ ಬಲಿಷ್ಠ ತಂಡಗಳಿಗೂ ಉಳಿದವಕ್ಕೂ ನಡುವಿನ ಅಂತರ ಬಹುಕಾಲ ದೊಡ್ಡದಾಗಿದ್ದರಿಂದ ಪ್ರಶಸ್ತಿಗಳ ಎಣಿಕೆಗೆ ಹೆಚ್ಚಿನ ಅರ್ಥವಿತ್ತು. ಅಂತರ ಕಿರಿದಾದಂತೆ ಏನಾಯಿತೆಂಬುದನ್ನೂ ಗಮನಿಸಿ. 2013ರಿಂದ 2016ರವರೆಗೆ ಸತತ ನಾಲ್ಕು ಬಾರಿ ಗೆದ್ದ ಆರಿಯೆಮಾ, ಆಮೇಲೆ 2024ರೊಳಗೆ ಆರು ಬಾರಿ ಫೈನಲ್ ಫೋರ್ ತಲುಪಿಯೂ ಒಮ್ಮೆಯೂ ಗೆಲ್ಲಲಿಲ್ಲ. 2025ರಲ್ಲಿ ಸೌತ್ ಕೆರೊಲಿನಾವನ್ನು 82–59ರಿಂದ ಸೋಲಿಸಿ ಹನ್ನೆರಡನೆಯದನ್ನು ಪಡೆದರು. ನಡುವಿನ ಅಷ್ಟೂ ವರ್ಷ ಅವರು ಕೋಚ್ ಆಗಿರಲಿಲ್ಲವೆಂದು ತಾವೂ ವಾದಿಸಲಾರಿರಿ ಎಂದು ನಂಬಿದ್ದೇನೆ.

– ಸಂಪಾದಕ